ಈಚಲ ಮರದ ಕೆಳಗಿನ ಅತಿಥಿಗಳು

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡ ಕುಡಿದನೆಂದೇ ಊರು ಆಡಿಕೊಳ್ಳುತ್ತದೆ ಎಂಬುದು ಕನ್ನಡನಾಡಿನ ಹಿರಿಯರು ಮಕ್ಕಳಿಗೆ ಹೇಳಿಕೊಡುತ್ತಿದ್ದ ಬುದ್ಧಿಮಾತು. ಹೆಂಡದ ಭಯಕ್ಕಿಂತ ಊರ ಬಾಯಿಯ ಭಯವೇ ಆ ಗಾದೆಯಲ್ಲಿ ಹೆಚ್ಚು. ಮಾನವುಳ್ಳವನು ಆ ಮರದ ನೆರಳನ್ನು ಸಹ ಬಳಸಿಕೊಂಡು ಹೋಗತಕ್ಕದ್ದು. ಆದರೆ ಈಚಿನ ವರ್ಷಗಳಲ್ಲಿ ಈ ಗಾದೆಯನ್ನು ತಲೆಕೆಳಗು ಮಾಡಿದ ಒಂದು ವರ್ಗದ ಜನ ಕಾಣಿಸಿಕೊಂಡಿದ್ದಾರೆ. ಈಚಲ ಮರ ಎಲ್ಲಿದೆಯೆಂದು ಅವರು ವಿಚಾರಿಸಿಕೊಂಡು ಬರುತ್ತಾರೆ. ಬಂದು ಅದರ ಕೆಳಗೇ ಕುಳಿತುಕೊಳ್ಳುತ್ತಾರೆ. ಕುಳಿತದ್ದಕ್ಕೆ ಸಾಕ್ಷಿಯಾಗಿ ಚಿತ್ರ ತೆಗೆದುಕೊಂಡು ಅದನ್ನು ಲೋಕಕ್ಕೆಲ್ಲ ತೋರಿಸುತ್ತಾರೆ. ಶನಿವಾರ ಬಂತೆಂದರೆ ಇವರ ವಾಹನಗಳು ಬೆಂಗಳೂರನ್ನು ಬಿಟ್ಟು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ದಾರಿ ಹಿಡಿಯುತ್ತವೆ.

ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾದುವು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ಹೆಸರು ಬದಲಾಗುವುದಕ್ಕೆ ಬಹಳ ಮುಂಚೆಯೇ ನಗರದವರು ಈ ಸೀಮೆಯನ್ನು ತಮ್ಮ ಹಿತ್ತಿಲೆಂದು ಭಾವಿಸಿಬಿಟ್ಟಿದ್ದರೆನ್ನಬೇಕು. ಬೆಂಗಳೂರಿನಿಂದ 50 ಕಿಲೋಮೀಟರಿನ ಆಸುಪಾಸಿನಲ್ಲಿ ಇಷ್ಟು ಬೆಟ್ಟ, ಇಷ್ಟು ಬಂಡೆ, ಇಷ್ಟು ನೀರು ಮತ್ತೆಲ್ಲಿ ದೊರೆಯಬೇಕು? ಮಾಗಡಿಯ ಕಡೆ ಸಾವನದುರ್ಗ, ಮಂಚನಬೆಲೆ. ಕನಕಪುರದ ಕಡೆ ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮ, ಅದರಾಚೆ ಮೇಕೆದಾಟು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣದ ಬೊಂಬೆ. ರಾಮನಗರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ, ಮತ್ತು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ರಾಮದೇವರ ಬೆಟ್ಟ. ಇಲ್ಲಿನ ಬಂಡೆಗಳಿಗೆ ಭೂವಿಜ್ಞಾನಿಗಳು ಊರಿನ ಹಳೆಯ ಹೆಸರನ್ನೇ ಇಟ್ಟು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ; ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಪ್ರವಾಸಿಗರಿಗೆ ಮಾತ್ರ ಅವು 1975ರಿಂದೀಚಿನವು, ಏಕೆಂದರೆ 'ಶೋಲೆ' ಚಿತ್ರ ತೆರೆಕಂಡದ್ದು ಆ ವರ್ಷ. ಧರ್ಮೇಂದ್ರ ಕುಡಿದು ಹತ್ತಿದ ನೀರಿನ ತೊಟ್ಟಿ ಎಲ್ಲಿ ಎಂದು ಕೇಳುವವರು ಇನ್ನೂ ಇದ್ದಾರೆ. ಆ ಹಳ್ಳಿಯೇ ಚಿತ್ರಕ್ಕಾಗಿ ಕಟ್ಟಿದ ವೇಷದ ಹಳ್ಳಿ; ಚಿತ್ರೀಕರಣ ಮುಗಿದ ಮೇಲೆ ಅದನ್ನು ಕಳಚಿದ್ದಾಯಿತು. ಭಾರತಕ್ಕೆಲ್ಲ ಪರಿಚಿತನಾದ ರಾಮನಗರದ ಕುಡುಕನೊಬ್ಬನಿದ್ದರೆ ಅವನು ಆ ತೊಟ್ಟಿಯ ಮೇಲಿನವನು, ಅವನೂ ಪರಸ್ಥಳದವನು.

ಬೆಟ್ಟ ಹತ್ತಿ ಇಳಿದವರಿಗೆ ಬಾಯಾರಿಕೆಯಾಗುವುದು ಸಹಜ. ಕೆಲವರಿಗೆ ಮಾತ್ರ ಎಳನೀರಿನಿಂದ ಅದು ತಣಿಯುವುದಿಲ್ಲ. ಅವರು ಕೇರಳದ ಹಿನ್ನೀರಿನ ಕಡೆ ಹೋಗಿ, ಕಳ್ಳಂಗಡಿಗಳಲ್ಲಿ ಮರಗೆಣಸು ಮೀನು ತಿಂದು, ಕಳ್ಳು ಕುಡಿದು ಬಂದವರು. ಇಲ್ಲಿಯೂ ಹಾಗೆಯೇ ಹೆಂಡದಂಗಡಿ ಇರಬೇಕೆಂದು ಅವರ ನಂಬಿಕೆ. ಇಲ್ಲವೆಂದು ತಿಳಿದಾಗ, 'ಹಾಗಾದರೆ ಇಲ್ಲಿನ ಜನ ಕುಡಿಯುವ ಜಾಗ ಯಾವುದು?' ಎಂದು ಮುಂದಿನ ಪ್ರಶ್ನೆ. ತಮ್ಮ ನಗರದ ಮಹಾತ್ಮ ಗಾಂಧಿ ರಸ್ತೆಯ ಸುತ್ತ (ರಸ್ತೆಯ ಹೆಸರೇ ಹಾಗಿದೆ, ಅದಕ್ಕೇನು ಮಾಡುವುದು) ಮೆತ್ತನೆಯ ಆಸನಗಳ ಪಾನಗೃಹಗಳು ಬೇಕಾದಷ್ಟಿದ್ದರೂ, ಅಲ್ಲಿ ಸಿಕ್ಕದ ಏನೋ ಒಂದು ಬಡವರ ಕೇರಿಯ ಅಂಗಡಿಯಲ್ಲಿ ಸಿಕ್ಕುತ್ತದೆಯೆಂಬ ಭಾವನೆ ಅವರದು. ಅದಕ್ಕೆ ಅವರು ಇಟ್ಟ ಹೆಸರು 'ಲೋಕಲ್ ಅನುಭವ'.

ಅಂಥದೊಂದು ಸಂಜೆಯನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬಹುದು. ಚನ್ನಪಟ್ಟಣದ ಹಳೆಯ ರಸ್ತೆಯ ಬದಿಯಲ್ಲಿ ತಗಡಿನ ಮಾಡಿನ ಒಂದು ಬಾರು. ಒಳಗೆ ಎಂಟು ಮೇಜು. ಗೋಡೆಯ ಮೇಲೆ ಮಾಲೆ ಹಾಕಿದ ಮಾದಪ್ಪನ ಪಟ. ಗಲ್ಲಾದ ಹಿಂದೆ ಯಜಮಾನ. ಬಾಗಿಲ ಹೊರಗೆ ಒಬ್ಬ ಹೆಂಗಸು ಬೇಯಿಸಿದ ಮೊಟ್ಟೆ, ಹುರಿದ ಕಡಲೆಕಾಯಿ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಮಾರುತ್ತಾಳೆ. ಹಲವು ವರ್ಷಗಳಿಂದ ಅಲ್ಲಿಯೇ ಕುಳಿತಿರುವ ಅವಳು ಆ ಹೊಸ್ತಿಲನ್ನು ಒಂದು ದಿನವೂ ದಾಟಿದವಳಲ್ಲ. ಮೊಟ್ಟೆ ಬೇಕಾದರೆ ಸಪ್ಲೈಯರ್ ಹುಡುಗನೇ ಹೊರಗೆ ಬರಬೇಕು.

ಬೆಂಗಳೂರಿನ ಕಾರೊಂದು ಅಲ್ಲಿ ನಿಲ್ಲುತ್ತದೆ. ಇಳಿದವರು ನಾಲ್ವರು, ಮೂವರು ಯುವಕರು, ಒಬ್ಬ ಯುವತಿ. ನಾಲ್ವರೂ ಒಳಗೆ ಹೋಗುತ್ತಾರೆ. ಮೊಟ್ಟೆ ಮಾರುವವಳು ಯುವತಿಯನ್ನು ಹೊಸ್ತಿಲು ದಾಟುವವರೆಗೆ ನೋಡಿ, ಮತ್ತೆ ಕಡಲೆಕಾಯಿಯ ಕಡೆ ತಿರುಗುತ್ತಾಳೆ. ಒಳಗೆ ಗದ್ದಲವಿದ್ದದ್ದು ಒಂದು ಗಳಿಗೆ ನಿಲ್ಲುತ್ತದೆ. ಯಜಮಾನನೇ ಎದ್ದು ಬಂದು, ಮೇಜು ಒರೆಸಿಸಿ, 'ಬನ್ನಿ ಸಾರ್, ಬನ್ನಿ ಮೇಡಂ, ಫ್ಯಾಮಿಲಿ ರೂಮ್ ಐತೆ' ಎನ್ನುತ್ತಾನೆ. 'ಬೇಡ ಬೇಡ, ಎಲ್ಲರ ಜೊತೆಗೇ ಕೂತ್ಕೋತೀವಿ' ಎಂದು ಅವರ ಉತ್ತರ. ಉದ್ದೇಶವೇನೋ ಒಳ್ಳೆಯದೇ. ಆದರೆ ಅವರಿಗೆ ಮೇಜು ಬಿಡಿಸಿಕೊಡುವುದಕ್ಕಾಗಿ ಅಲ್ಲಿ ಕುಳಿತಿದ್ದ ಇಬ್ಬರು ಲೋಟ ಹಿಡಿದುಕೊಂಡು ಗೋಡೆಯ ಪಕ್ಕ ಸರಿದು ನಿಂತದ್ದನ್ನು ಅವರು ಗಮನಿಸಲಿಲ್ಲ.

ಸರಿದು ನಿಂತವರಲ್ಲಿ ಒಬ್ಬ ಕಲ್ಲು ಒಡೆಯುವವನು. ಹಗಲೆಲ್ಲ ಸುತ್ತಿಗೆ ಹಿಡಿದ ತೋಳು ಸಂಜೆಗೆ ಮೇಲೇಳುವುದಿಲ್ಲ. ಅವನ ಕ್ರಮ ಗೊತ್ತಾದದ್ದು: ಒಂದು 'ನೈಂಟಿ', ಅರ್ಧ ಲೋಟ ನೀರು, ಒಂದು ಮೊಟ್ಟೆ, ಕಾಲು ಗಂಟೆ. ಅಷ್ಟರಲ್ಲಿ ಮುಗಿಸಿ ಹಿಂಬಾಗಿಲಿನಿಂದ ಹೊರಡುತ್ತಾನೆ. ಮುಂಬಾಗಿಲಿನಿಂದ ಹೊರಟರೆ ಬಸ್ಸು ನಿಲ್ಲುವ ಜಾಗ ಎದುರಿಗೇ ಇದೆ. ಯುವಕರಲ್ಲೊಬ್ಬನಿಗೆ ಅವನ ಮೀಸೆಯೂ, ಕಲ್ಲಿನ ಪುಡಿ ಮೆತ್ತಿದ ತಲೆವಸ್ತ್ರವೂ ಬಹಳ ಹಿಡಿಸಿದುವು. ಫೋನನ್ನು ಎತ್ತಿ ಹಿಡಿದು, 'ಅಂಕಲ್, ಒಂದು ಚಿಯರ್ಸ್ ಹೇಳಿ' ಎಂದ.

'ನಂದ್ಯಾಕೆ ಸಾಮಿ, ಬ್ಯಾಡಿ.'

'ಸುಮ್ಮನೆ ಅಂಕಲ್. ಚೆನ್ನಾಗಿ ಬರುತ್ತೆ. ಲಕ್ಷ ಜನ ನೋಡ್ತಾರೆ.'

ಕಲ್ಲಿನವನು ಲೋಟವನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. 'ಅದ್ಕೇ ಬ್ಯಾಡ ಅಂದಿದ್ದು. ನಮ್ಮನೇಲೂ ಫೋನ್ ಐತೆ ಸಾಮಿ' ಎಂದ.

ಅವನ ಮಗಳು ಕಾಲೇಜಿನ ಹುಡುಗಿ. ಅವಳ ಗೆಳತಿಯರ ಕೈಯಲ್ಲೆಲ್ಲ ಫೋನು. ಅಪ್ಪ ಸಂಜೆಗೊಂದು ಲೋಟ ಕುಡಿಯುತ್ತಾನೆಂಬುದು ಮನೆಗೆ ತಿಳಿಯದ ವಿಷಯವೇನಲ್ಲ. ಮನೆ ಅದನ್ನು ತಿಳಿದೂ ತಿಳಿಯದಂತೆ ಇಟ್ಟುಕೊಂಡಿದೆ. ಹಿಂಬಾಗಿಲು ಇರುವುದು ಅದಕ್ಕೇ. ಆ ಏರ್ಪಾಡು ಬಹಳ ವರ್ಷಗಳ ಜಗಳ, ರಾಜಿ, ಆಣೆಗಳ ಮೇಲೆ ನಿಂತದ್ದು. ಅರ್ಧ ನಿಮಿಷದ ಒಂದು ಚಲನಚಿತ್ರ ಅದನ್ನು ಮುರಿಯಬಲ್ಲದು.

ಈ ಪ್ರಸಂಗದ ಮುಂದಿನ ಭಾಗಕ್ಕೆ ಹೋಗುವ ಮುನ್ನ, ಒಂದೇ ಕೋಣೆಯಲ್ಲಿ ಒಂದೇ ಪದಾರ್ಥಕ್ಕೆ ಎರಡು ಹೆಸರು ಬಂದದ್ದು ಹೇಗೆಂದು ಯೋಚಿಸಬೇಕಾಗಿದೆ. ಯುವಕನ ಲೋಟದಲ್ಲಿರುವುದಕ್ಕೆ ಅನುಭವವೆಂದು ಹೆಸರು, ಕಲ್ಲಿನವನ ಲೋಟದಲ್ಲಿರುವುದಕ್ಕೆ ಚಟವೆಂದು ಹೆಸರು. ಯುವಕ ತನ್ನ ಲೋಟವನ್ನು ಎತ್ತಿ ತೋರಿಸುತ್ತಾನೆ, ಕಲ್ಲಿನವನು ಬಚ್ಚಿಡುತ್ತಾನೆ. ಈ ಭೇದ ನಿನ್ನೆ ಮೊನ್ನೆಯದಲ್ಲ.

ಹಿಂದೆ ಈ ಬಯಲುಸೀಮೆಯ ಬಡವನ ಪಾನೀಯ ಮರದಿಂದ ಇಳಿಯುತ್ತಿದ್ದಿತು. ಈಚಲ ಮರದ ನೆತ್ತಿಯ ಮಗ್ಗುಲನ್ನು ಕೆತ್ತಿ, ಮಡಕೆ ಕಟ್ಟಿ, ನಸುಕಿನಲ್ಲಿ ಇಳಿಸಿದರೆ ಅದು ಸಿಹಿಯಾದ ನೀರಾ. ಬಿಸಿಲೇರಿದಂತೆ ಅದೇ ಹುಳಿತು ಹೆಂಡ. ಒಂದು ವರ್ಷ ಈ ಮಗ್ಗುಲು, ಇನ್ನೊಂದು ವರ್ಷ ಆ ಮಗ್ಗುಲು ಕೆತ್ತಿದ ಗಾಯಗಳು ಹಳೆಯ ಮರಗಳ ಮೈಮೇಲೆ ಮೆಟ್ಟಿಲಿನಂತೆ ಕಾಣುತ್ತಿದ್ದುವು. ಸರ್ಕಾರ ಅಂಗಡಿಗಳನ್ನು ಹರಾಜು ಹಾಕುತ್ತಿದ್ದಿತು. ಗುತ್ತಿಗೆದಾರ ಕೂಗಿ ಹಿಡಿಯುತ್ತಿದ್ದ. ಪಡಖಾನೆಯೆಂದರೆ ಊರಾಚೆಯ ಒಂದು ಚಪ್ಪರ. ಅಲ್ಲಿಗೆ ಹೋಗುವವರು ಬೇರೆ, ಹೋಗದವರು ಬೇರೆ.

ಹೋಗದವರ ಪೈಕಿಯವರಾದ ಒಬ್ಬರು ಮಾತ್ರ ಆ ಚಪ್ಪರದೊಳಗಿನ ಮಾತನ್ನು ಕಿವಿಗೊಟ್ಟು ಕೇಳಿದರು. ಜಿ. ಪಿ. ರಾಜರತ್ನಂ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು, ಬೌದ್ಧ ಜೈನ ಗ್ರಂಥಗಳನ್ನು ಕನ್ನಡಕ್ಕೆ ತಂದವರು. ಅವರು 'ರತ್ನನ ಪದಗಳು' ಬರೆದಾಗ ರತ್ನನೆಂಬ ಹೆಂಡಗುಡುಕ ತನ್ನದೇ ನುಡಿಯಲ್ಲಿ, ತನ್ನ ಹೆಂಡತಿ ಪುಟ್ನಂಜಿಯ ಮೇಲೆ, ಕನ್ನಡದ ಮೇಲೆ, ದೇವರ ಮೇಲೆ ಮನಸ್ಸು ಬಿಚ್ಚಿ ಮಾತನಾಡಿದ. ಆ ಪದಗಳಲ್ಲಿ ರತ್ನನನ್ನು ದೂರ ನಿಂತು ನೋಡಿ ನಕ್ಕವರು ಯಾರೂ ಇಲ್ಲ. ಹಾಡುವವನೂ ನಗುವವನೂ ಅಳುವವನೂ ಅವನೇ. ಹೊರಗಿನವನೊಬ್ಬ ಹೆಂಡದಂಗಡಿಗೆ ಹೋಗಿ ತರಬಹುದಾದದ್ದು ಏನೆಂಬುದಕ್ಕೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಅದಕ್ಕೆ ಅವರು ಯಾರ ಮುಖವನ್ನೂ ಹಿಡಿದು ತರಬೇಕಾಗಲಿಲ್ಲ.

ಹೆಂಡದ ಮೇಲೆ ಕೋಪ ಮಾಡಿಕೊಂಡವರಿಗೂ ಕಾರಣವಿಲ್ಲದಿರಲಿಲ್ಲ. 1939ರಲ್ಲಿ ಚಿತ್ರದುರ್ಗದ ಕಡೆಯ ತುರುವನೂರಿನಲ್ಲಿ ಈಚಲ ಮರಗಳನ್ನೇ ಕಡಿದುರುಳಿಸುವ ಸತ್ಯಾಗ್ರಹ ನಡೆಯಿತು, ಎಸ್. ನಿಜಲಿಂಗಪ್ಪನವರು ಅದರ ಮುಂದಾಳುಗಳಲ್ಲೊಬ್ಬರು. ಸರ್ಕಾರದ ಅಬಕಾರಿ ವರಮಾನಕ್ಕೆ ಪೆಟ್ಟು ಕೊಡುವುದೂ, ಬಡವನ ಕೂಲಿಯನ್ನು ಮನೆಗೆ ಮುಟ್ಟಿಸುವುದೂ ಒಟ್ಟಿಗೆ ಆಗಬೇಕೆಂದು ಆ ಕಾಲದ ಆಸೆ. ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯದಲ್ಲಿ ಪಾನನಿರೋಧ ಬಂದಿತು, ಅದರ ಬೆನ್ನಿಗೆ ಕಳ್ಳಭಟ್ಟಿಯೂ ಬಂದಿತು. ಕಡೆಗೆ 1967ರಲ್ಲಿ ಪಾನನಿರೋಧವನ್ನು ಹಿಂತೆಗೆದುಕೊಂಡಾಗ ಮುಖ್ಯಮಂತ್ರಿಗಳಾಗಿದ್ದವರು ಅದೇ ನಿಜಲಿಂಗಪ್ಪನವರು. ಇದರಲ್ಲಿ ಹಾಸ್ಯವನ್ನು ಹುಡುಕುವವರಿಗೆ ಹಾಸ್ಯ ದೊರೆತೀತು. ಆಡಳಿತದ ಕಷ್ಟವನ್ನು ಬಲ್ಲವರಿಗೆ ಬೇರೆಯೂ ಕಂಡೀತು.

ಆಮೇಲಿನ ಕಾಲ ಸಾರಾಯಿಯದು. ಕಬ್ಬಿನ ಕಾಕಂಬಿಯಿಂದ ಭಟ್ಟಿಯಿಳಿಸಿದ ಆ ದ್ರವ ಕಡೆಕಡೆಗೆ ಪ್ಲಾಸ್ಟಿಕ್ ಪ್ಯಾಕೆಟಿನಲ್ಲಿ ಬರುತ್ತಿದ್ದಿತು. ಹಲ್ಲಿನಿಂದ ಮೂಲೆ ಹರಿದು ಬಾಯಿಗೆ ಹಿಂಡಿಕೊಂಡರೆ ಕೆಲಸ ಮುಗಿಯಿತು, ಲೋಟವೂ ಬೇಕಿಲ್ಲ, ಮೇಜೂ ಬೇಕಿಲ್ಲ. ಈ ಸಾರಾಯಿಯಿಂದ ಹಾಳಾದ ಮನೆಗಳ ಲೆಕ್ಕ ಹೆಂಗಸರಿಗೆ ಗೊತ್ತಿದ್ದಷ್ಟು ಯಾವ ಇಲಾಖೆಗೂ ಗೊತ್ತಿರಲಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಆಗಿನ ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿಯವರು ವಿಧಾನಸಭೆಯಲ್ಲಿ ರಾಮನಗರದ ಪ್ರತಿನಿಧಿಯೇ ಆಗಿದ್ದರು. ಆ ವೇಳೆಗೆ ಬಯಲುಸೀಮೆಯ ಹೆಂಡದ ಅಂಗಡಿಗಳೂ ಮುಚ್ಚಿದ್ದುವು. ಮರದ ಪಾನೀಯ ಕರಾವಳಿಯಲ್ಲಿ ಉಳಿಯಿತು. ಮರುವರ್ಷ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರು ಕೋಲಾರಗಳ ಕಡೆಯೂ ತಮಿಳುನಾಡಿನ ಗಡಿಯಲ್ಲಿಯೂ ವಿಷಮದ್ಯ ಕುಡಿದು ನೂರಕ್ಕೂ ಮಿಕ್ಕಿ ಜನ ಸತ್ತರು. ಬಹುಪಾಲು ಕೂಲಿಯವರು. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಇಂಥದೇ ವಿಷದಿಂದ 300ರಷ್ಟು ಜನ ಸತ್ತದ್ದನ್ನು ಬಲ್ಲ ಹಿರಿಯರಿಗೆ ಆ ಸುದ್ದಿ ಹೊಸದೆನಿಸಲಿಲ್ಲ.

ಬಡವನ ಒಳಿತಿಗಾಗಿ ಅವನ ಎರಡು ಪಾನೀಯಗಳನ್ನು ಹೀಗೆ ಒಂದಾದ ಮೇಲೊಂದು ತೆಗೆದುಕೊಂಡದ್ದಾಯಿತು. ಶ್ರೀಮಂತನ ಶೀಸೆಯನ್ನು ಯಾರೂ ಮುಟ್ಟಲಿಲ್ಲ. ಅಬಕಾರಿಯಿಂದ ರಾಜ್ಯಕ್ಕೆ ಬರುವ ವರಮಾನ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗಳನ್ನು ದಾಟಿರುವಾಗ ಮುಟ್ಟುವರಾದರೂ ಯಾರು? ಕಲ್ಲಿನವನಿಗೆ ಉಳಿದದ್ದು ಬಾರು ಮತ್ತು ವೈನ್ ಶಾಪು, ಅಲ್ಲಿನ ಅತ್ಯಂತ ಅಗ್ಗದ ಕಾಗದದ ಡಬ್ಬಿಯ ವಿಸ್ಕಿ. ಹೆಂಡದಷ್ಟು ಸೌಮ್ಯವೂ ಅಲ್ಲ, ಸಾರಾಯಿಯಷ್ಟು ಅಗ್ಗವೂ ಅಲ್ಲ. ತನ್ನದಾದ ಪಾನೀಯವನ್ನು ಕಳೆದುಕೊಂಡು ಇನ್ನೊಬ್ಬರದರ ಕೀಳುದರ್ಜೆಯ ರೂಪವನ್ನು ಕುಡಿಯುತ್ತಿರುವವನ ಮುಂದೆ ಬಂದು, 'ನಿಮ್ಮ ಲೋಕಲ್ ಏನಿದೆ ತೋರಿಸಿ' ಎಂದರೆ ಅವನು ಏನನ್ನು ತೋರಿಸಬೇಕು?

ಕಾಕಂಬಿಯ ಮಾತು ಬಂದದ್ದರಿಂದ, ಕಾಕಂಬಿಯೇ ಬದುಕಾಗಿದ್ದ ಬೇರೊಂದು ನಾಡಿನ ಕಡೆಗೂ ನೋಡಬಹುದು. ಕ್ರಿಕೆಟ್ ರಸಿಕರಿಗೆ ಬಾರ್ಬಡೋಸ್ ಎಂದರೆ ಸೋಬರ್ಸ್ ಹುಟ್ಟಿದ ದ್ವೀಪ. 430 ಚದರ ಕಿಲೋಮೀಟರಿನ ನೆಲ. ರಾಮನಗರ ಜಿಲ್ಲೆಯ ಎಂಟನೆಯ ಒಂದು ಪಾಲಿನಷ್ಟು. ಆಫ್ರಿಕದಿಂದ ಹಿಡಿದು ತಂದ ಗುಲಾಮರಿಂದ ಅಲ್ಲಿ ಕಬ್ಬು ಬೆಳೆಸಿದರು. ಸಕ್ಕರೆ ಇಂಗ್ಲೆಂಡಿಗೆ ಹೋಯಿತು, ಉಳಿದ ಕಾಕಂಬಿಯಿಂದ ರಮ್ ಇಳಿಯಿತು. 1834ರ ನಂತರ ಗುಲಾಮಗಿರಿ ತೊಲಗಿ ಜನ ಸ್ವತಂತ್ರರಾದಾಗ, ಹಳ್ಳಿಹಳ್ಳಿಯಲ್ಲಿ ಹಲಗೆಯ ಮನೆಗಳಲ್ಲಿ ರಮ್ ಅಂಗಡಿಗಳು ಎದ್ದುವು. ಅಲ್ಲಿ ರಮ್ಮಿನ ಜೊತೆಗೆ ಅಕ್ಕಿ, ಸಾಬೂನು, ಡಬ್ಬಿಯ ಮೀನು, ಕೈಸಾಲದ ಪುಸ್ತಕ, ಮೇಜಿನ ಮೇಲೆ ಸಿಡಿಲು ಬಡಿದಂತೆ ಬೀಳುವ ಡಾಮಿನೋ ಬಿಲ್ಲೆಗಳು, ಚುನಾವಣೆ ಬಂದರೆ ಅಭ್ಯರ್ಥಿಯೂ ಅಲ್ಲಿಗೇ ಬರಬೇಕು. ಒಟ್ಟಿನಲ್ಲಿ ನಮ್ಮ ಅರಳಿಕಟ್ಟೆ, ಶೆಟ್ಟರ ಅಂಗಡಿ, ಪಡಖಾನೆ ಮೂರೂ ಸೇರಿದ ಸ್ಥಳ. ಈಗ ಪರದೇಶದ ಪ್ರವಾಸಿಗರನ್ನು ಮಾರ್ಗದರ್ಶಿಗಳು ಸಣ್ಣ ಬಸ್ಸುಗಳಲ್ಲಿ ತುಂಬಿಕೊಂಡು ಒಂದು ಸಂಜೆಗೆ ನಾಲ್ಕೈದು ರಮ್ ಅಂಗಡಿ ಸುತ್ತಿಸುತ್ತಾರೆ.

ಇದನ್ನು ಕೇಳಿ ಮೂಗು ಮುರಿಯುವುದು ಸುಲಭ. ಆದರೆ ಆ ಸಮುದ್ರದ ದ್ವೀಪಗಳಲ್ಲಿ ಇನ್ನೊಂದು ಬಗೆಯ ಪ್ರವಾಸವೂ ಇದೆ. ಜಮೈಕದಂಥ ಕಡೆ ಗೋಡೆ ಕಟ್ಟಿದ ದೊಡ್ಡ ಹೋಟೆಲುಗಳುಂಟು. ಊಟ, ಪಾನ, ವಿನೋದ ಎಲ್ಲದರ ಹಣವನ್ನೂ ಮುಂಗಡವಾಗಿ ತೆತ್ತವನು ವಾರವಿಡೀ ಗೋಡೆಯಿಂದಾಚೆ ಕಾಲಿಡುವುದಿಲ್ಲ. ಪಕ್ಕದ ಬೀದಿಯ ಅಂಗಡಿಯವನಿಗೆ ಅವನಿಂದ ಒಂದು ಕಾಸೂ ಹುಟ್ಟುವುದಿಲ್ಲ. ಅಂಥವನಿಗಿಂತ ಹಲಗೆಯ ಅಂಗಡಿಗೆ ಬಂದು, ಸೋತರೂ ಗೆದ್ದರೂ ಒಂದು ಆಟ ಡಾಮಿನೋ ಆಡಿ, ಎರಡು ಸುತ್ತು ರಮ್ಮಿನ ಹಣ ಕೊಟ್ಟು ಹೋಗುವ ಪ್ರವಾಸಿ ಊರಿಗೆ ಹತ್ತಿರದವನೆಂದು ಅಲ್ಲಿನವರು ಎಣಿಸಿದರೆ ತಪ್ಪೇನು?

ರಾಮನಗರದ ಸೀಮೆಯಲ್ಲಿಯೂ ಈ ಲೆಕ್ಕ ತಪ್ಪುವುದಿಲ್ಲ. ಚನ್ನಪಟ್ಟಣದ ಬಾರಿನೊಳಗೆ ಬಂದು ಕುಳಿತ ನಾಲ್ವರು, ಏನೇ ಆಗಲಿ, ಊರಿನಲ್ಲಿ ಹಣ ಬಿಟ್ಟು ಹೋಗುವವರು. ಅವರಿಗಿಂತ ಹೆಚ್ಚಿನ ಸಂಖ್ಯೆಯವರು ಬೆಂಗಳೂರಿನಲ್ಲಿಯೇ ಶೀಸೆ ಕೊಂಡು, ಕಾರಿನ ಹಿಂದೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ನೇರವಾಗಿ ಬಂಡೆಯ ಮೇಲಕ್ಕೋ ನದಿಯ ದಡಕ್ಕೋ ಹೋಗುವವರು. ಇವರು ಊರಿಗೆ ಬಿಟ್ಟು ಹೋಗುವುದು ಒಡೆದ ಗಾಜನ್ನು. ಬಂಡೆಗೆ ಎಸೆದ ಶೀಸೆಯ ಚೂರು ಯಾರ ಕಾಲಿಗೆ ಚುಚ್ಚುತ್ತದೆ? ಬರಿಗಾಲಿನಲ್ಲಿ ಕುರಿ ಮೇಯಿಸುವವನ ಕಾಲಿಗೆ, ನೀರಿಗೆ ಇಳಿಯುವ ದನದ ಗೊರಸಿಗೆ, ಬಟ್ಟೆ ಒಗೆಯಲು ಬಂದವಳ ಪಾದಕ್ಕೆ. ಮಂಚನಬೆಲೆಯ ನೀರಿನಲ್ಲಿ ಇಳಿಯಬಾರದೆಂದು ಫಲಕ ಹಾಕಿದ್ದರೂ ಅಲ್ಲಿ ಮುಳುಗಿ ಸತ್ತವರ ಸುದ್ದಿಯನ್ನು ಪತ್ರಿಕೆಗಳು ಎಷ್ಟು ಸಲ ಅಚ್ಚುಹಾಕಿವೆಯೋ! ಸಂಗಮದ ಸುಳಿಗಳೂ ಅಂಥವೇ. ಕುಡಿದವನಿಗೆ ಆಳ ತಿಳಿಯುವುದಿಲ್ಲ. ನೀರಿನಿಂದ ಹೆಣ ತೆಗೆಯಲು ಕಡೆಗೆ ಕರೆ ಹೋಗುವುದು ಊರಿನ ಈಜುಗಾರರಿಗೇ.

ಹಳೆಯ ರಸ್ತೆಯ ಯಜಮಾನನ ದೃಷ್ಟಿಯೇ ಬೇರೆ. 2023ರ ಮಾರ್ಚಿಯಲ್ಲಿ ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ವಾಹನಗಳು ಬಿಡದಿಯನ್ನೂ ರಾಮನಗರವನ್ನೂ ಚನ್ನಪಟ್ಟಣವನ್ನೂ ಪಕ್ಕಕ್ಕೆ ಬಿಟ್ಟು ಹಾರಿಹೋಗುತ್ತಿವೆ. ತಟ್ಟೆ ಇಡ್ಲಿಯವರು, ಬೊಂಬೆಯ ಅಂಗಡಿಯವರು, ಎಳನೀರಿನವರು, ಬಾರಿನವರು ಎಲ್ಲರ ದೂರೂ ಒಂದೇ: ಮೊದಲು ದಾರಿಹೋಕ ತಾನಾಗಿ ನಿಲ್ಲುತ್ತಿದ್ದ, ಈಗ ಬೇಕೆಂದು ತಿರುಗಿ ಬಂದವನು ಮಾತ್ರ ಬರುತ್ತಾನೆ. ಹಾಗೆ ತಿರುಗಿ ಬಂದ ಕಾರಿಗೆ ಯಜಮಾನ ಎದ್ದು ನಿಂತು ಮೇಜು ಒರೆಸಿಸಿದರೆ ಅವನನ್ನು ಆಕ್ಷೇಪಿಸುವಂತಿಲ್ಲ. ಅವನು ಗೋಡೆಗೆ ಹೊಸ ಬಣ್ಣ ಹೊಡೆಸುವ ಯೋಚನೆಯಲ್ಲಿದ್ದಾನೆ. ನಾಟಿ ಕೋಳಿ ಸಾರು, ಮುದ್ದೆ ಎಂದು ದೊಡ್ಡ ಫಲಕ ಬರೆಸಬೇಕೆಂದಿದ್ದಾನೆ. ಬಣ್ಣ ಬಂದ ಮೇಲೆ ದರವೂ ಏರುತ್ತದೆ. ದರ ಏರಿದ ಮೇಲೆ ಕಲ್ಲಿನವನು ಅಲ್ಲಿಗೆ ಬರಲಾರ. ಆಗ ಅಲ್ಲಿಗೆ ಬಂದ ಅತಿಥಿಗಳು ಕುಳಿತು ಒಬ್ಬರನ್ನೊಬ್ಬರು ನೋಡಬೇಕಷ್ಟೆ.

ಕಲ್ಲಿನವನು ಅಲ್ಲಿಗೆ ಬರದಿದ್ದರೆ ಅವನ ಮನೆಗೇನು ನಷ್ಟ ಎಂದು ಕೇಳುವವರಿದ್ದಾರೆ. ಅವನ ಹೆಂಡತಿಯೇ ಮೊದಲು ಕೇಳುತ್ತಾಳೆ. ಪಡಖಾನೆಯ ಸೊಬಗನ್ನು ಹಾಡಿ ಹೊಗಳುವವರು ಅವಳನ್ನು ಮರೆಯಬಾರದು. ಸಂಘದ ಸಾಲದ ಕಂತು, ಅಂಗಡಿಯ ಬಾಕಿ, ಮಗಳ ಕಾಲೇಜಿನ ಬಸ್ಸಿನ ಹಣ ಇವುಗಳ ನಡುವೆ ದಿನಕ್ಕೊಂದು ನೈಂಟಿ ಎಂಬುದು ಸಣ್ಣ ಮೊತ್ತವಲ್ಲ. ಅದು ದಿನಕ್ಕೊಂದೇ ಆಗಿ ಉಳಿಯುವಂತೆ ನೋಡಿಕೊಂಡವಳು ಅವಳು. ಗಂಡ ಬಯಲಿನಲ್ಲಿ ಮಾನ ಕಳೆದುಕೊಳ್ಳದ ಹಾಗೆ ಒಂದು ಮಿತಿಯನ್ನು ಹಾಕಿ, ಆ ಮಿತಿಯನ್ನು ಅವನಿಂದಲೇ ಕಾಯಿಸುತ್ತಿರುವವಳು. ಮಾನವೂ ಒಂದು ಬಗೆಯ ಕಡಿವಾಣವೆಂಬುದು ಅವಳಿಗೆ ಗೊತ್ತು. ಎಲ್ಲರೂ ನೋಡಿಬಿಟ್ಟರು, ಇನ್ನೇನು ಉಳಿಯಿತು ಎಂದುಕೊಂಡ ಗಂಡಸು ಎರಡನೆಯ ಡಬ್ಬಿಗೆ ಕೈ ಹಾಕುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ದೂರದ ಊರಿನಿಂದ ಬಂದು ಅರ್ಧ ಗಂಟೆ ಕುಳಿತು ಹೋಗುವವರ ಕೈಯಲ್ಲಿ ಆ ಕಡಿವಾಣದ ತುದಿ ಸಿಕ್ಕಿಕೊಂಡಿದೆ. ಅವರಿಗೆ ಅದರ ಅರಿವಿಲ್ಲ.

ಆ ಸಂಜೆಯ ಮೇಜಿನಲ್ಲಿದ್ದ ನಾಲ್ವರ ಪೈಕಿ ಒಬ್ಬಳಿಗೆ ಅರಿವಾಯಿತೆನ್ನಬಹುದು. 'ನಮ್ಮನೇಲೂ ಫೋನ್ ಐತೆ' ಎಂಬ ಮಾತು ಕೇಳಿ ಯುವಕರು ನಕ್ಕರು, ಯುವತಿ ನಗಲಿಲ್ಲ. 'ತೆಗೆದದ್ದನ್ನ ಅಳಿಸು' ಎಂದಳು. 'ಏನೂ ಆಗಲ್ಲ ಕಣೇ' ಎಂದ ಯುವಕ. 'ಅಳಿಸು' ಎಂದು ಮತ್ತೆ ಹೇಳಿದಳು. ಅವನು ಬೇಸರದಿಂದಲೇ ಫೋನನ್ನು ಒತ್ತಿ, ಪರದೆಯನ್ನು ಕಲ್ಲಿನವನಿಗೆ ತಿರುಗಿಸಿ ತೋರಿಸಿದ.

'ನೋಡಿ ಅಂಕಲ್, ಹೋಯ್ತು.'

ಕಲ್ಲಿನವನು ಹತ್ತಿರ ಬಂದು ಬಗ್ಗಿ ನೋಡಿದ. ಲೋಟ ಇನ್ನೂ ಬೆನ್ನ ಹಿಂದೆಯೇ ಇದ್ದಿತು.

'ಇನ್ನೊಂದ್ ಕಡೆ ಉಳ್ಕಂಡಿರ್ತದಂತಲ್ಲ ಸಾಮಿ. ಅಳಿಸಿದ್ರೂ ಒಂದ್ ತಿಂಗ್ಳು ಅಲ್ಲೇ ಇರ್ತದಂತೆ. ನಮ್ ಮಗ್ಳು ಹೇಳವ್ಳೆ. ಅದ್ನೂ ತೆಗೀರಿ.'

ಯುವಕನ ಮುಖ ಸ್ವಲ್ಪ ಕೆಂಪಾಯಿತು. ಹುಡುಕಿ ಅಲ್ಲಿಂದಲೂ ತೆಗೆದ. ಕಲ್ಲಿನವನು ಯಜಮಾನನ ಕಡೆ ನೋಡಿದ. ಯಜಮಾನನೂ ಬಂದು ಕನ್ನಡಕ ಏರಿಸಿ ಪರದೆಯನ್ನು ನೋಡಿ, ಹೌದೆಂದು ತಲೆಯಾಡಿಸಿದ. ಆಮೇಲೆ ಕಲ್ಲಿನವನು ಲೋಟವನ್ನು ಮುಂದಕ್ಕೆ ತಂದು, ಗೋಡೆಯ ಕಡೆಗೆ ತಿರುಗಿ, ಒಂದೇ ಸಲಕ್ಕೆ ಮುಗಿಸಿದ.

'ಕೂತ್ಕೊಳ್ಳಿ, ಜಾಗ ಇದೆ' ಎಂದಳು ಯುವತಿ, ಪಕ್ಕಕ್ಕೆ ಸರಿದು.

'ಇರ್ಲಿ ಕಣವ್ವ, ಬಸ್ಸು ಬರೋ ಹೊತ್ತು' ಎಂದು ಅವನು ತಲೆವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು, ಹಿಂಬಾಗಿಲಿನ ಕಡೆಗೆ ಹೊರಟ. ಹೊರಗಿನಿಂದ ಸಪ್ಲೈಯರ್ ಹುಡುಗ ತಂದ ಅವನ ಮೊಟ್ಟೆ ತಟ್ಟೆಯಲ್ಲಿ ಹಾಗೆಯೇ ಇದ್ದಿತು. ಹುಡುಗ ಅದನ್ನು ಒಂದು ಕಾಗದದಲ್ಲಿ ಸುತ್ತಿ, ಓಡಿಹೋಗಿ ಹಿಂಬಾಗಿಲಲ್ಲಿ ಅವನ ಕೈಗೆ ಕೊಟ್ಟ.